ಅನಿಲ ಕೊಳವೆಮಾರ್ಗವೂ ನ್ಯಾಯಪೀಠವೂ: ಅಮೆರಿಕದ ಅನುಭವದಿಂದ ಒಂದು ಪಾಠ

ನೆಲದೊಳಗೆ ಹೂಳಿದ ಕೊಳವೆ ಕಣ್ಣಿಗೆ ಕಾಣದು. ಆದರೆ ಅದು ಹಾದುಹೋದ ಹೊಲ, ತೊರೆ, ಅರಣ್ಯಗಳ ಮೇಲೆ ಅದರ ಗುರುತು ಬಹುಕಾಲ ಉಳಿಯುತ್ತದೆ. ಲೋಕಹಿತಕ್ಕೆ ಇಂಧನ ಬೇಕು. ಅದೇ ಲೋಕಹಿತಕ್ಕೆ ನೀರೂ ಮಣ್ಣೂ ಬೇಕು. ಇವೆರಡೂ ಎದುರುಬದುರಾದಾಗ ನಿರ್ಣಯಿಸತಕ್ಕವರು ಯಾರು, ಯಾವ ಕ್ರಮದಿಂದ ಎಂಬ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವು ಬೋಧಪ್ರದವಾಗಿದೆ.

1938ರ ನೈಸರ್ಗಿಕ ಅನಿಲ ಶಾಸನದ ಪ್ರಕಾರ, ಅಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಅನಿಲ ಸಾಗಿಸುವ ಮಾರ್ಗವನ್ನು ನಿರ್ಮಿಸಬೇಕಾದರೆ ಅದು ಸಾರ್ವಜನಿಕರಿಗೆ ಅವಶ್ಯವೆಂಬ ಪ್ರಮಾಣಪತ್ರ ಬೇಕು. ಈಗ ಅದನ್ನು ಕೊಡುವ ಅಧಿಕಾರ ಫೆಡರಲ್ ಇಂಧನ ನಿಯಂತ್ರಣ ಆಯೋಗದ್ದು. 1947ರ ತಿದ್ದುಪಡಿಯ ಮೇರೆಗೆ, ಈ ಪತ್ರ ಪಡೆದ ಖಾಸಗಿ ಕಂಪನಿಯೂ ಒಪ್ಪದ ರೈತನ ಭೂಮಿಯಲ್ಲಿ ಪರಿಹಾರ ಕೊಟ್ಟು ಹಕ್ಕು ಪಡೆಯಬಹುದು. 1970ರ ಜನವರಿ 1ರಂದು ಅಂಗೀಕೃತವಾದ ರಾಷ್ಟ್ರೀಯ ಪರಿಸರ ನೀತಿ ಶಾಸನವು ಇದಕ್ಕೆ ಒಂದು ಕಟ್ಟಳೆಯನ್ನು ಸೇರಿಸಿತು: ಅನುಮತಿಗೆ ಮುನ್ನ ಪರಿಣಾಮಗಳ ಅಧ್ಯಯನ ನಡೆಯತಕ್ಕದ್ದು. ಗಮನಿಸಬೇಕಾದ ಅಂಶವೆಂದರೆ, ಈ ಶಾಸನವು ಇಂಥದೇ ತೀರ್ಮಾನವಾಗಬೇಕೆಂದು ವಿಧಿಸುವುದಿಲ್ಲ. ವಿಚಾರ ಮಾಡಿ ತೀರ್ಮಾನಿಸಬೇಕೆಂದು ಮಾತ್ರ ವಿಧಿಸುತ್ತದೆ. ಆದ್ದರಿಂದ ನ್ಯಾಯಾಧೀಶರು ಕೇಳುವುದು ಕೊಳವೆ ಒಳ್ಳೆಯದೋ ಕೆಟ್ಟದೋ ಎಂದಲ್ಲ; ಅಧಿಕಾರಿಗಳು ನೋಡಬೇಕಾದುದನ್ನು ನೋಡಿದರೇ ಎಂದು.

ಫ್ಲಾರಿಡಕ್ಕೆ ಅನಿಲ ಒಯ್ಯುವ ಸೇಬಲ್ ಟ್ರೇಲ್ ಮಾರ್ಗದ ಮೊಕದ್ದಮೆಯಲ್ಲಿ, ಅನಿಲವನ್ನು ವಿದ್ಯುತ್ ಸ್ಥಾವರಗಳಲ್ಲಿ ಉರಿಸಿದಾಗ ಹೊರಡುವ ಇಂಗಾಲದ ಲೆಕ್ಕವನ್ನೂ ಆಯೋಗ ನೋಡಬೇಕಿತ್ತೆಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಅದೇ ನ್ಯಾಯಾಲಯ 2020ರ ಜೂನ್‌ನಲ್ಲಿ ಮತ್ತೊಂದು ಅನ್ಯಾಯವನ್ನು ಸರಿಪಡಿಸಿತು. ಬಾಧಿತರು ನ್ಯಾಯಾಲಯಕ್ಕೆ ಹೋಗುವ ಮುನ್ನ ಆಯೋಗದಲ್ಲೇ ಮರುವಿಚಾರಣೆ ಕೋರಬೇಕು. ಆಯೋಗವು 30 ದಿನಗಳೊಳಗೆ ಉತ್ತರಿಸಬೇಕು. ಆಯೋಗವಾದರೋ ‘ಇನ್ನೂ ಕಾಲಾವಕಾಶ ಬೇಕು’ ಎಂಬ ಆಜ್ಞೆ ಹೊರಡಿಸಿ ತಿಂಗಳುಗಟ್ಟಲೆ ಸುಮ್ಮನಿರುತ್ತಿತ್ತು. ಅತ್ತ ನ್ಯಾಯಾಲಯದ ಬಾಗಿಲು ತೆರೆಯದು, ಇತ್ತ ಹೊಲದಲ್ಲಿ ಅಗೆತ ನಿಲ್ಲದು. ಈ ಪದ್ಧತಿ ಶಾಸನಬಾಹಿರವೆಂದು ಪೂರ್ಣಪೀಠವು ಸಾರಿತು.

ಆದರೂ ತೀರ್ಪೇ ಕೊನೆಯ ಮಾತೆಂದು ಭಾವಿಸಲಾಗದು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು.

ಪಶ್ಚಿಮ ವರ್ಜೀನಿಯದಿಂದ ಉತ್ತರ ಕ್ಯಾರೊಲಿನದವರೆಗೆ ಸುಮಾರು 600 ಮೈಲಿ ಸಾಗಬೇಕಿದ್ದ ಅಟ್ಲಾಂಟಿಕ್ ಕೋಸ್ಟ್ ಮಾರ್ಗದ ಅನಿಲ ಒತ್ತಡ ಕೇಂದ್ರವೊಂದನ್ನು ವರ್ಜೀನಿಯದ ಯೂನಿಯನ್ ಹಿಲ್‌ನಲ್ಲಿ ಸ್ಥಾಪಿಸುವ ಯೋಜನೆಯಿತ್ತು. ಅಂತರ್ಯುದ್ಧದ ತರುವಾಯ ದಾಸ್ಯಮುಕ್ತರಾದ ಕಪ್ಪು ಜನರು ನೆಲೆಸಿದ ಊರದು. ಅಲ್ಲಿಯ ನಿವಾಸಿಗಳ ಆರೋಗ್ಯದ ಮೇಲಾಗುವ ಪರಿಣಾಮವನ್ನು ಸರಿಯಾಗಿ ತೂಗಿ ನೋಡಿಲ್ಲವೆಂದು ರಿಚ್ಮಂಡಿನ ಮೇಲ್ಮನವಿ ನ್ಯಾಯಾಲಯ 2020ರ ಜನವರಿಯಲ್ಲಿ ಆ ಕೇಂದ್ರದ ಅನುಮತಿಯನ್ನು ರದ್ದುಪಡಿಸಿತು. ಅದೇ ವರ್ಷ ಜೂನ್ 15ರಂದು, ಪರ್ವತದ ಕಾಲುಹಾದಿಯೊಂದರ ಅಡಿಯಲ್ಲಿ ಕೊಳವೆ ದಾಟಿಸುವ ಬೇರೊಂದು ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಗಳ ಪರವಾಗಿ ತೀರ್ಪು ಕೊಟ್ಟಿತು. ಗೆದ್ದ ಮೂರು ವಾರಗಳೊಳಗೆ, ಏರಿದ ವೆಚ್ಚವನ್ನೂ ಉಳಿದ ವ್ಯಾಜ್ಯಗಳ ಅನಿಶ್ಚಿತತೆಯನ್ನೂ ಮುಂದಿಟ್ಟು ಕಂಪನಿಗಳು ಯೋಜನೆಯನ್ನೇ ಕೈಬಿಟ್ಟವು.

ಎರಡನೆಯದರ ಕಥೆ ಇದಕ್ಕೆ ವಿಪರೀತ. 303 ಮೈಲಿ ಉದ್ದ, 42 ಅಂಗುಲ ವ್ಯಾಸದ ಮೌಂಟನ್ ವ್ಯಾಲಿ ಮಾರ್ಗಕ್ಕೆ 2017ರ ಅಕ್ಟೋಬರ್‌ನಲ್ಲಿ ಪ್ರಮಾಣಪತ್ರ ದೊರೆಯಿತು. ಅಪಲೇಚಿಯನ್ ಪರ್ವತದ ಕಡಿದಾದ ಇಳಿಜಾರುಗಳಲ್ಲಿ ಅಗೆದ ಮಣ್ಣು ಮಳೆಗೆ ಕೊಚ್ಚಿ ತೊರೆ ಸೇರುವುದೆಂಬುದು ಆಕ್ಷೇಪಣೆಗಳಲ್ಲಿ ಮುಖ್ಯವಾದುದು. ಜೆಫರ್ಸನ್ ರಾಷ್ಟ್ರೀಯ ಅರಣ್ಯವನ್ನು ದಾಟುವ ಅನುಮತಿ 2018ರಲ್ಲಿ ರದ್ದಾಯಿತು. ಮರಳಿ ಪಡೆದದ್ದು 2022ರಲ್ಲಿ ಮತ್ತೆ ರದ್ದಾಯಿತು. ಆದರೆ 2023ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು, ಸರ್ಕಾರದ ಸಾಲದ ಮಿತಿಯನ್ನು ಕುರಿತ ಶಾಸನದಲ್ಲೇ ಒಂದು ಕಲಮನ್ನು ಸೇರಿಸಿ, ಈ ಮಾರ್ಗದ ಅನುಮತಿಗಳೆಲ್ಲವನ್ನೂ ಸ್ಥಿರೀಕರಿಸಿತು. ಅವುಗಳನ್ನು ಪರಿಶೀಲಿಸುವ ಅಧಿಕಾರವನ್ನೂ ನ್ಯಾಯಾಲಯಗಳಿಂದ ಹಿಂತೆಗೆದುಕೊಂಡಿತು. 2024ರ ಜೂನ್‌ನಲ್ಲಿ ಅನಿಲ ಹರಿಯಿತು. ಸುಮಾರು 350 ಕೋಟಿ ಡಾಲರೆಂದು ಎಣಿಸಿದ್ದ ವೆಚ್ಚ ಅಷ್ಟರಲ್ಲಿ ಇಮ್ಮಡಿಯನ್ನು ಮೀರಿತ್ತು.

2025ರ ಮೇ ತಿಂಗಳಲ್ಲಿ, ಯೂಟಾ ರಾಜ್ಯದ ರೈಲುಮಾರ್ಗವೊಂದರ ಮೊಕದ್ದಮೆಯಲ್ಲಿ, ಪರಿಸರ ಅಧ್ಯಯನದ ವಿಷಯದಲ್ಲಿ ನ್ಯಾಯಾಲಯಗಳು ಅಧಿಕಾರಿಗಳ ನಿರ್ಣಯಕ್ಕೆ ಹೆಚ್ಚು ಮನ್ನಣೆ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಹೀಗೆ ಆಕ್ಷೇಪಿಸುವವರ ದಾರಿ ಇನ್ನಷ್ಟು ಕಿರಿದಾಗಿದೆ.

ವಿಳಂಬದಿಂದ ವೆಚ್ಚ ಬೆಳೆಯುತ್ತದೆಂಬ ಉದ್ಯಮಿಗಳ ದೂರನ್ನು ತಳ್ಳಿಹಾಕಲಾಗದು. ಆದರೆ ಆ ವಿಳಂಬಕ್ಕೆ ಕಾರಣ ಪ್ರಶ್ನೆ ಕೇಳಿದವನೋ, ಮೊದಲೇ ಸರಿಯಾಗಿ ಉತ್ತರಿಸದ ಅಧಿಕಾರಿಯೋ ಎಂಬುದನ್ನು ವಿಚಾರಿಸಬೇಕು. ಒಮ್ಮೆ ಕೊಚ್ಚಿಹೋದ ಮಣ್ಣನ್ನು ಯಾವ ತೀರ್ಪೂ ಮರಳಿ ತಂದುಕೊಡಲಾರದು. ಆದುದರಿಂದಲೇ ಕೇಳುವ ಕಾಲ ಅಗೆಯುವುದಕ್ಕೆ ಮುನ್ನ. ಕಾಯಕಜೀವಿಯ ಮಾತಿಗೂ ಅನುಭವ ಮಂಟಪದಲ್ಲಿ ಸ್ಥಾನವಿತ್ತೆಂಬ ಪರಂಪರೆಯಲ್ಲಿ ಬೆಳೆದ ನಮಗೆ ಈ ತತ್ತ್ವ ಅಪರಿಚಿತವಲ್ಲ. ಬಲ್ಲವರು ತೀರ್ಮಾನಿಸಲಿ, ಆದರೆ ಬಾಳುವವರನ್ನು ಕೇಳಿ ತೀರ್ಮಾನಿಸಲಿ. ನಮ್ಮ ವಿದ್ಯಾರ್ಥಿಗಳಿಗೆ ನಾವು ಕಲಿಸಬೇಕಾದ ಪೌರನೀತಿಯ ಸಾರವೂ ಇದೇ ಆಗಿದೆ.