ಹುಳುಕಡ್ಡಿಗೆ ನುಂಗುವ ಮದ್ದು

ಹುಳುಕಡ್ಡಿ, ಗಜಕರ್ಣ ಎಂದು ಜನರು ಕರೆಯುವ ಚರ್ಮರೋಗಕ್ಕೆ ಹುಳು ಕಾರಣವಲ್ಲ. ಅದು ಶಿಲೀಂಧ್ರದ ಕೆಲಸ. ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟಿನ ದೂರದ ಬಂಧು. ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಸಸಾರಜನಕವೇ ಅದರ ಆಹಾರ. ರೋಗವು ಅಲ್ಪವಾಗಿದ್ದರೆ ಮೇಲೆ ಹಚ್ಚುವ ಮುಲಾಮು ಸಾಕು. ಉಗುರಿಗೋ ತಲೆಗೂದಲಿನ ಬುಡಕ್ಕೋ ಇಳಿದರೆ ಔಷಧವು ರಕ್ತದ ಮೂಲಕವೇ ಅಲ್ಲಿಗೆ ಹೋಗಬೇಕು.

ಇಂತಹ ಔಷಧಗಳಲ್ಲಿ ಹಳೆಯದಾದ ಗ್ರೈಸಿಯೊಫಲ್ವಿನ್ ಸ್ವತಃ ಒಂದು ಬೂಷ್ಟಿನಿಂದಲೇ ಬಂದುದು. ಅದನ್ನು 1939ರಲ್ಲಿ ಬೇರ್ಪಡಿಸಲಾಯಿತು. ಆದರೆ ಅದನ್ನು ನುಂಗಿಸಿ ಗಿನಿಯಿಲಿಗಳ ಹುಳುಕಡ್ಡಿಯನ್ನು ವಾಸಿಮಾಡಬಹುದೆಂದು ಗ್ಲ್ಯಾಸ್ಗೋವಿನ ಜೆಂಟಲ್ಸ್ ತೋರಿಸಿದುದು 1958ರಲ್ಲಿ. ಮುಳ್ಳನ್ನು ಮುಳ್ಳಿನಿಂದ ತೆಗೆಯಲು ಹತ್ತೊಂಬತ್ತು ವರ್ಷ ಕಾಯಬೇಕಾಯಿತು!

ಬ್ಯಾಕ್ಟೀರಿಯಗಳನ್ನು ಕೊಲ್ಲುವಷ್ಟು ಸುಲಭವಾಗಿ ಶಿಲೀಂಧ್ರವನ್ನು ಕೊಲ್ಲಲಾಗದೇಕೆ? ಅದರ ಜೀವಕೋಶವು ನಮ್ಮ ಜೀವಕೋಶವನ್ನು ಬಹುಮಟ್ಟಿಗೆ ಹೋಲುತ್ತದೆ. ಶತ್ರುವಿಗೆ ಎಸೆದ ಕಲ್ಲು ನಮಗೂ ತಗುಲೀತು. ಇರುವ ಕೆಲವೇ ವ್ಯತ್ಯಾಸಗಳಲ್ಲಿ ಮುಖ್ಯವಾದುದು ಕೋಶದ ಪೊರೆಯಲ್ಲಿದೆ: ನಮ್ಮಲ್ಲಿ ಕೊಲೆಸ್ಟರಾಲ್, ಅದರಲ್ಲಿ ಎರ್ಗೊಸ್ಟೆರಾಲ್. ಟರ್ಬಿನಫೀನ್, ಇಟ್ರಕೊನಜೋಲ್‌ಗಳು ಈ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಆದರೆ ಇಟ್ರಕೊನಜೋಲ್ ತಡೆಯುವ ಕಿಣ್ವದ ದಾಯಾದಿಗಳು ನಮ್ಮ ಯಕೃತ್ತಿನಲ್ಲಿಯೂ ಇದ್ದು, ಇತರ ಔಷಧಗಳನ್ನು ಜೀರ್ಣಿಸುತ್ತಿರುತ್ತವೆ. ಅವೂ ತಡೆಗೊಂಡರೆ, ಕೊಲೆಸ್ಟರಾಲ್ ಇಳಿಸಲು ನುಂಗಿದ ಸಿಮ್ವಸ್ಟ್ಯಾಟಿನ್ ರಕ್ತದಲ್ಲಿ ಶೇಖರವಾಗಿ ಸ್ನಾಯುಗಳನ್ನು ಕೆಡಿಸಬಹುದು. ಹೃದಯದ ದುರ್ಬಲತೆಯುಳ್ಳವರಿಗೂ ಇಟ್ರಕೊನಜೋಲ್ ಅಪಾಯಕರ. ಆದುದರಿಂದ ಸೇವಿಸುತ್ತಿರುವ ಪ್ರತಿಯೊಂದು ಔಷಧವನ್ನೂ, ಗರ್ಭಧಾರಣೆಯನ್ನೂ, ಹಳೆಯ ಕಾಯಿಲೆಗಳನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ಯಕೃತ್ತಿನ ಮಾತು ಬೆದರಿಕೆಯಲ್ಲ. ತೀವ್ರ ಹಾನಿಯ ಕಾರಣದಿಂದ 2013ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಶಿಲೀಂಧ್ರರೋಗಕ್ಕೆ ಕೀಟೊಕೊನಜೋಲ್ ಗುಳಿಗೆಗಳ ಬಳಕೆಯನ್ನು ನಿಲ್ಲಿಸಲು ಸೂಚಿಸಿತು. ಟರ್ಬಿನಫೀನಿನಿಂದ ಇಂತಹ ಹಾನಿ ಅಪರೂಪ. ಆದರೂ ಮೊದಲು ರಕ್ತಪರೀಕ್ಷೆ ಮಾಡಿಸುವುದು ವಿಹಿತ. ಹಸಿವು ಸತ್ತು, ಮೂತ್ರವು ಕಪ್ಪಾಗಿ, ಕಣ್ಣು ಹಳದಿಯಾದರೆ ಗುಳಿಗೆಯನ್ನು ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.

ಸೇವಿಸುವ ಕ್ರಮವೂ ಮುಖ್ಯ. ಗ್ರೈಸಿಯೊಫಲ್ವಿನ್ ಜಿಡ್ಡಿನ ಊಟದೊಡನೆ ಚೆನ್ನಾಗಿ ರಕ್ತಗತವಾಗುತ್ತದೆ. ಇಟ್ರಕೊನಜೋಲ್ ಕ್ಯಾಪ್ಸೂಲಿಗೆ ಹೊಟ್ಟೆತುಂಬ ಊಟವೂ ಜಠರದ ಆಮ್ಲವೂ ಬೇಕು. ಹುಳಿತೇಗಿನ ಮಾತ್ರೆಯನ್ನು ಜೊತೆಯಲ್ಲಿ ನುಂಗಿದರೆ ಅರ್ಧ ಗುಣ ಹೋದಂತೆಯೇ.

ನವೆ ನಿಂತೊಡನೆ ಮದ್ದು ಬಿಡುವವರೇ ಹೆಚ್ಚು. ಉಳಿದ ಶಿಲೀಂಧ್ರವು ಮತ್ತೆ ಹಬ್ಬುತ್ತದೆ. ಅಂಗಡಿಯಲ್ಲಿ ಕೇಳಿ ಕೊಳ್ಳುವ ಸ್ಟೀರಾಯ್ಡ್ ಬೆರೆತ ಮುಲಾಮು ನವೆಯನ್ನಡಗಿಸಿ ರೋಗವನ್ನು ಬೆಳೆಸುತ್ತದೆ. ಟರ್ಬಿನಫೀನಿಗೆ ಬಗ್ಗದ ತಳಿಗಳು ಈಗಾಗಲೇ ಭಾರತದಲ್ಲಿ ಹರಡಿವೆ. ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ ಟರ್ಬಿನಫೀನ್ ಕೊಡುವುದು ವಾಡಿಕೆ. ಅವಧಿ ಮುಗಿದಾಗಲೂ ಉಗುರು ವಿಕಾರವಾಗಿಯೇ ಕಂಡರೆ ಗಾಬರಿ ಬೇಡ. ಕಾಲಿನ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಹಿಡಿಯುತ್ತದೆ.