ಹೆಲ್ಮೆಟ್ ಕೊನೆಯ ಮೆಟ್ಟಿಲು: ಖೈತಾನ್‌ನ ಒಂದು ಸೈಟಿನಲ್ಲಿ ಸುರಕ್ಷತೆಯ ಪಾಠ

ಖೈತಾನ್ ಎಂಬ ಹೆಸರು ನಮ್ಮ ಸಂಘದ ಹಲವು ಸದಸ್ಯರಿಗೆ ಹೊಸದಲ್ಲ. ಕುವೈತ್‌ನ ಫರ್ವಾನಿಯಾ ಗವರ್ನರೇಟ್‌ಗೆ ಸೇರಿದ, ವಿಮಾನ ನಿಲ್ದಾಣಕ್ಕೆ ಹತ್ತಿರದ ಈ ಬಡಾವಣೆಯಲ್ಲಿ ಭಾರತೀಯರು ಬಹಳ. ಗಲ್ಫ್‌ನ ಸೈಟುಗಳಲ್ಲಿ ದುಡಿಯುವ ಅಪ್ಪ, ಮಾವ, ಅಣ್ಣಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಮನೆಯವರು ಫೋನ್ ಇಡುವ ಮೊದಲು ಹೇಳುವ ಕೊನೆಯ ಮಾತು ಒಂದೇ: "ಕೆಲಸದಲ್ಲಿ ಹುಷಾರು ಆಯ್ತಾ." ಪ್ರೀತಿಯ ಮಾತು, ಸರಿ. ಆದರೆ ಎಷ್ಟೇ ಹುಷಾರಾಗಿದ್ದರೂ, ಕಟಕಟೆ ಇಲ್ಲದ ಸ್ಲ್ಯಾಬಿನ ಅಂಚಿನಲ್ಲಿ ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಹಾಗಾದರೆ ಸೈಟಿನಲ್ಲಿ ಅಪಾಯವನ್ನು ಗುರುತಿಸೋದು ಹೇಗೆ, ತಡೆಯೋದು ಹೇಗೆ, ಅದು ಯಾರ ಕೆಲಸ? ಈ ಪಾಠ ಅದರ ಬಗ್ಗೆ.

ಪಾಠಕ್ಕಾಗಿ ಖೈತಾನ್‌ನಲ್ಲಿ ಆರು ಮಹಡಿಯ ಒಂದು ವಸತಿ ಕಟ್ಟಡ ಏಳುತ್ತಿದೆ ಅಂತ ಇಟ್ಟುಕೊಳ್ಳೋಣ. ಸೈಟು ಊಹೆಯದು; ಇಲ್ಲಿ ಬರುವ ಅಳತೆ, ನಿಯಮ, ದುರ್ಘಟನೆಗಳು ನಿಜವಾದವು.

1. ಅಪಾಯ ಬೇರೆ, ರಿಸ್ಕ್ ಬೇರೆ

ಮೂರನೇ ಮಹಡಿಯ ಸ್ಲ್ಯಾಬಿನಲ್ಲಿ ಪೈಪುಗಳಿಗಾಗಿ ಬಿಟ್ಟ ಒಂದು ತೂತು ಇದೆ, ಮುಚ್ಚಿಲ್ಲ. ಅದು ಅಪಾಯದ ಮೂಲ. ಆ ಕಡೆಗೆ ಯಾರೂ ಹೋಗದಿದ್ದರೆ ರಿಸ್ಕ್ ಕಡಿಮೆ. ಅದೇ ತೂತಿನ ಪಕ್ಕದಲ್ಲೇ ಕೈಗಾಡಿ ತಳ್ಳುವ ದಾರಿ ಇದ್ದು, ಸಂಜೆ ಲೈಟೂ ಇಲ್ಲದಿದ್ದರೆ ರಿಸ್ಕ್ ಬಹಳ ಹೆಚ್ಚು. ಅಂದರೆ ರಿಸ್ಕ್ ಅಳೆಯುವಾಗ ಎರಡು ಪ್ರಶ್ನೆ ಕೇಳಬೇಕು: ಇದು ಆಗುವ ಸಾಧ್ಯತೆ ಎಷ್ಟು? ಆದರೆ ಎಷ್ಟು ಪೆಟ್ಟು?

ಜಗತ್ತಿನ ಯಾವ ಸೈಟಿಗೆ ಹೋದರೂ ಜೀವ ತೆಗೆಯುವ ಮುಖ್ಯ ಕಾರಣಗಳು ನಾಲ್ಕು: ಎತ್ತರದಿಂದ ಬೀಳುವುದು, ವಸ್ತು ಅಥವಾ ವಾಹನ ಬಡಿಯುವುದು, ಮಣ್ಣಿನಲ್ಲೋ ಯಂತ್ರದಲ್ಲೋ ಸಿಕ್ಕಿಕೊಳ್ಳುವುದು, ಕರೆಂಟ್ ಹೊಡೆಯುವುದು. ಕುವೈತ್‌ಗೆ ಐದನೆಯದೊಂದನ್ನು ಸೇರಿಸಲೇಬೇಕು: ಬಿಸಿಲು.

2. ಐದು ಮೆಟ್ಟಿಲು

ಅಪಾಯ ಕಂಡಿತು, ಈಗ ಏನು ಮಾಡಬೇಕು? ಸುರಕ್ಷತೆಯ ಓದಿನಲ್ಲಿ ಇದಕ್ಕೆ ಐದು ಮೆಟ್ಟಿಲಿನ ಕ್ರಮವಿದೆ. ಅದೇ ತೂತನ್ನು ಇಟ್ಟುಕೊಂಡು ನೋಡೋಣ.

ಮೊದಲನೆಯದು, ಅಪಾಯವನ್ನೇ ಇಲ್ಲವಾಗಿಸುವುದು. ತೂತಿನಲ್ಲಿ ಕಬ್ಬಿಣದ ಜಾಲರಿ ಬಿಟ್ಟೇ ಕಾಂಕ್ರೀಟ್ ಹಾಕಿ, ಪೈಪ್ ಹಾಕುವ ದಿನ ಮಾತ್ರ ಕತ್ತರಿಸಿದರೆ ಆಳು ಬೀಳುವಷ್ಟು ದೊಡ್ಡ ತೂತೇ ಇರುವುದಿಲ್ಲ. ಎರಡನೆಯದು, ಬದಲಿಸುವುದು. ಆ ದಾರಿಯಲ್ಲಿ ಕೈಗಾಡಿ ತಳ್ಳುವ ಬದಲು ಕಾಂಕ್ರೀಟನ್ನು ಪಂಪಿನಲ್ಲಿ ಕಳಿಸುವುದು. ಮೂರನೆಯದು, ಕಟ್ಟಿ ತಡೆಯುವುದು. ಗಟ್ಟಿ ಪ್ಲೈವುಡ್ ಮುಚ್ಚಿ ಜಾರದಂತೆ ಮೊಳೆ ಹೊಡೆಯುವುದು, ಅಥವಾ ಸುತ್ತ ಕಟಕಟೆ ಹಾಕುವುದು. ನಾಲ್ಕನೆಯದು, ನಿಯಮ ಮತ್ತು ತರಬೇತಿ: ಬೋರ್ಡು, ಬೆಳಗಿನ ಟೂಲ್‌ಬಾಕ್ಸ್ ಟಾಕ್, ಪರ್ಮಿಟ್. ಐದನೆಯದು ಹೆಲ್ಮೆಟ್, ಬೂಟು, ಹಾರ್ನೆಸ್.

ಮೇಲಿನ ಮೆಟ್ಟಿಲು ಬಿಗಿಯಾಗಿದ್ದಷ್ಟೂ ಕೆಲಸಗಾರನ ಗಮನದ ಮೇಲೆ ಭಾರ ಕಡಿಮೆ. ಮುಚ್ಚಿದ ತೂತು, ನಿದ್ದೆ ಕಮ್ಮಿಯಾದವನನ್ನೂ ಕಾಯುತ್ತದೆ. ಬೋರ್ಡು, ಓದಿದವನನ್ನು ಮಾತ್ರ ಕಾಯುತ್ತದೆ. ಎಷ್ಟೋ ಸೈಟುಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಹೆಲ್ಮೆಟ್ ಕೊಟ್ಟರು, ಬೋರ್ಡು ನೆಟ್ಟರು, ಅಲ್ಲಿಗೆ ಸುರಕ್ಷತೆ ಮುಗಿಯಿತು.

3. ಸೈಟಿನಲ್ಲಿ ಒಂದು ಸುತ್ತು

ಪಾಯದ ಗುಂಡಿ. ಕುವೈತ್‌ನಲ್ಲಿ ಹೆಚ್ಚಿನ ಕಡೆ ಮರಳು ಮಿಶ್ರಿತ ನೆಲ. ಒಣ ಮರಳು ಸುಮಾರು 30ರಿಂದ 35 ಡಿಗ್ರಿ ಇಳಿಜಾರಿನಲ್ಲಿ ಮಾತ್ರ ತಾನಾಗಿ ನಿಲ್ಲುತ್ತದೆ. ತೇವದಿಂದ ಗೋಡೆ ನೆಟ್ಟಗೆ ನಿಂತಂತೆ ಕಂಡರೂ, ಬಿಸಿಲಿಗೆ ಒಣಗಿದ ಹಾಗೆ ಉದುರುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ ಆಸುಪಾಸು. ಎದೆಮಟ್ಟ ಹೂತವನಿಗೆ ತಲೆ ಹೊರಗಿದ್ದರೂ ಉಸಿರು ಎಳೆಯಲು ಆಗುವುದಿಲ್ಲ. ಆದ್ದರಿಂದ ಒಂದೂವರೆ ಮೀಟರ್ ಆಳ ದಾಟಿದರೆ ಬದಿಯನ್ನು ಇಳಿಜಾರು ಮಾಡಬೇಕು ಅಥವಾ ಹಲಗೆ ಕೊಟ್ಟು ತಡೆಯಬೇಕು. ಅಗೆದ ಮಣ್ಣು ಅಂಚಿನಿಂದ ಕನಿಷ್ಠ 60 ಸೆಂಟಿಮೀಟರ್ ದೂರ ಇರಬೇಕು. ಗುಂಡಿಯಿಂದ ಹತ್ತಿ ಬರಲು ಏಣಿ ಇರಲೇಬೇಕು.

ಏಣಿ. ನಾಲ್ಕಕ್ಕೆ ಒಂದು ಅನ್ನೋದು ಸುಲಭದ ಲೆಕ್ಕ. 4 ಮೀಟರ್ ಎತ್ತರಕ್ಕೆ ಒರಗಿಸಿದರೆ ಬುಡ 1 ಮೀಟರ್ ಹೊರಗಿರಬೇಕು. ಏಣಿಯ ತುದಿ ಹತ್ತಿ ಇಳಿಯುವ ಜಾಗಕ್ಕಿಂತ ಸುಮಾರು 1 ಮೀಟರ್ ಮೇಲೆ ಚಾಚಿರಬೇಕು, ಕಟ್ಟಿರಬೇಕು.

ಸಾರುವೆ. ನಮ್ಮೂರಲ್ಲಿ ಬಿದಿರು, ಗಾಳಿಮರದ ಸಾರುವೆ ನೋಡಿ ಬೆಳೆದವರು ನಾವು. ಅಲ್ಲಿ ಹೆಚ್ಚಾಗಿ ಸ್ಟೀಲ್ ಪೈಪು. ಪೈಪು ಗಟ್ಟಿ ಅಂತ ಸಾರುವೆಯೂ ಗಟ್ಟಿ ಅನ್ನಲಾಗದು. ಬುಡದಲ್ಲಿ ಪ್ಲೇಟು ಮತ್ತು ಹಲಗೆ ಇದೆಯಾ, ಕಟ್ಟಡಕ್ಕೆ ಬಿಗಿದಿದ್ದಾರಾ, ನಿಲ್ಲುವ ಹಲಗೆಗಳ ನಡುವೆ ಸಂದಿ ಇದೆಯಾ, ಕಟಕಟೆ ಸೊಂಟದ ಮೇಲಕ್ಕೆ ಬರುತ್ತದಾ, ಸಾಮಾನು ಉರುಳದಂತೆ ಕಾಲ ಬಳಿ ಅಡ್ಡಪಟ್ಟಿ ಇದೆಯಾ? ಧೂಳೆಬ್ಬಿಸುವ ಶಮಾಲ್ ಗಾಳಿ ಬೀಸಿದ ಮರುದಿನ ಇದನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕು.

ಹಾರ್ನೆಸ್. ಇದರ ಲೆಕ್ಕವನ್ನು ತುಂಬಾ ಜನ ಮಾಡುವುದೇ ಇಲ್ಲ. ಸಾಮಾನ್ಯ ಹಗ್ಗದ ಉದ್ದ 1.8 ಮೀಟರ್. ಬಿದ್ದಾಗ ಜಗ್ಗನ್ನು ತಡೆಯುವ ಪಟ್ಟಿ ಬಿಚ್ಚಿಕೊಂಡು ಇನ್ನೂ ಸುಮಾರು 1.1 ಮೀಟರ್ ಉದ್ದವಾಗುತ್ತದೆ. ಬೆನ್ನಿನ ಕೊಂಡಿಯಿಂದ ಪಾದದವರೆಗೆ 1.5 ಮೀಟರ್. ಮೇಲೆ 1 ಮೀಟರ್ ಅಂತರ ಬಿಡಬೇಕು. ಕೂಡಿದರೆ ಸುಮಾರು 5.4 ಮೀಟರ್. ಈಗ ಮೊದಲ ಮಹಡಿಯ ಸ್ಲ್ಯಾಬು ನೆಲದಿಂದ ಮೂರೂವರೆ ಮೀಟರ್ ಎತ್ತರದಲ್ಲಿದೆ, ಕೆಲಸಗಾರ ಕೊಕ್ಕೆಯನ್ನು ಕಾಲ ಬಳಿಯ ಕಂಬಿಗೆ ಸಿಕ್ಕಿಸಿದ್ದಾನೆ ಅಂದುಕೊಳ್ಳಿ. ಹಗ್ಗ ಪೂರ್ತಿ ಬಿಗಿಯಾಗಿ ಅವನನ್ನು ಹಿಡಿಯುವ ಮೊದಲೇ ಅವನು ನೆಲ ಮುಟ್ಟಿರುತ್ತಾನೆ! ನಿಯಮ ಪಾಲಿಸಿದ್ದಾನೆ, ಹಾರ್ನೆಸ್ ಹಾಕಿದ್ದಾನೆ, ಆದರೂ ಉಳಿಯಲಿಲ್ಲ. ಅಲ್ಲಿ ಬೇಕಿದ್ದದ್ದು ಕಟಕಟೆ, ಅಂದರೆ ಮೂರನೇ ಮೆಟ್ಟಿಲು.

ಮೇಲಿನಿಂದ ಬೀಳುವ ವಸ್ತು. 15 ಮೀಟರ್ ಎತ್ತರದಿಂದ ಕೈಜಾರಿದ ಸ್ಪ್ಯಾನರ್ ನೆಲ ತಲುಪುವಾಗ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿರುತ್ತದೆ. ಸ್ಪ್ಯಾನರಿಗೆ ದಾರ ಕಟ್ಟುವುದು, ಬಲೆ ಹಾಕುವುದು, ಕೆಳಗೆ ಜನ ಓಡಾಡುವ ಜಾಗವನ್ನೇ ಬೇರೆ ಮಾಡುವುದು ಹೆಲ್ಮೆಟ್‌ಗಿಂತ ಮೊದಲು ಬರಬೇಕು. ಒತ್ತೊತ್ತಾದ ಬೀದಿಯಲ್ಲಿ ಇದು ದಾರಿಹೋಕರಿಗೂ ಸಂಬಂಧಿಸಿದ್ದು.

ಕರೆಂಟ್. ಕುವೈತ್‌ನಲ್ಲಿ ಪೂರೈಕೆ 240 ವೋಲ್ಟ್. ಸಿಪ್ಪೆ ಹೋದ ವೈರು, ನೀರು ನಿಂತ ನೆಲ, ಬೆವರಿನಿಂದ ಒದ್ದೆಯಾದ ಕೈ ಒಂದೆಡೆ ಸೇರಿದರೆ ಸಾಕು. 30 ಮಿಲಿಆಂಪಿಯರ್ ಸೋರಿಕೆಗೇ ಕಟ್ ಆಗುವ ಬ್ರೇಕರ್ ಪ್ರತಿ ಬೋರ್ಡಿನಲ್ಲೂ ಇರಬೇಕು, ಅದರ ಟೆಸ್ಟ್ ಬಟನ್ ಒತ್ತಿ ನೋಡಬೇಕು. ಆದಷ್ಟು ಕಡೆ ಬ್ಯಾಟರಿ ಡ್ರಿಲ್ ಬಳಸಿದರೆ ಉದ್ದದ ವೈರೇ ಬೇಡ.

ಸೆಂಟ್ರಿಂಗ್. ಸ್ಲ್ಯಾಬಿನ ಕೆಳಗಿನ ಪ್ರಾಪುಗಳನ್ನು ಬೇಗ ತೆಗೆದು ಮುಂದಿನ ಮಹಡಿಗೆ ಒಯ್ಯುವ ಆತುರ ಎಲ್ಲ ಊರಿನಲ್ಲೂ ಇದೆ. ಭಾರತದ ಐಎಸ್ 456 ಪ್ರಕಾರ, ಸಾಮಾನ್ಯ ಸಿಮೆಂಟಿಗೆ, ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ ಪ್ರಾಪು ಕನಿಷ್ಠ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ. 6 ಮೀಟರ್ ದಾಟಿದ ಬೀಮಿಗೆ 21 ದಿನ.

4. ಯಾವ ಹೆಲ್ಮೆಟೂ ತಡೆಯದ ಅಪಾಯ

ಕಟ್ಟಡವೇ ಕುಸಿದರೆ ಐದನೇ ಮೆಟ್ಟಿಲಿನಿಂದ ಏನೂ ಆಗುವುದಿಲ್ಲ. ಇದಕ್ಕೆ ನಾವು ಕುವೈತ್‌ಗೆ ಹೋಗಬೇಕಿಲ್ಲ, ನಮ್ಮ ರಾಜ್ಯದ ಲೆಕ್ಕವೇ ಸಾಕು. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ, ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಬಿದ್ದು 19 ಜನ ತೀರಿಕೊಂಡರು. 2024ರ ಅಕ್ಟೋಬರ್ 22ರಂದು, ಮಳೆಯ ದಿನ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು ಕುಸಿಯಿತು. 9 ಕೆಲಸಗಾರರು ಹೋದರು. ಅಲ್ಲಿ ಅನುಮತಿಗಿಂತ ಹೆಚ್ಚು ಮಹಡಿ ಎಬ್ಬಿಸಲಾಗಿತ್ತು ಎಂದು ಅಧಿಕಾರಿಗಳು ಹೇಳಿದರು. ಇಂಥ ಕಡೆ ಅಪಾಯ ಹುಟ್ಟುವುದು ಡ್ರಾಯಿಂಗ್ ಟೇಬಲ್ ಮೇಲೆ, ಸಹಿ ಬೀಳುವ ಜಾಗದಲ್ಲಿ. ಗಾರೆ ಕಲಸುವವನು ಎಷ್ಟು ಹುಷಾರಾಗಿದ್ದರೆ ತಾನೇ ಅದನ್ನು ತಡೆದಾನು?

5. ಬಿಸಿಲು ಎಂಬ ಅಪಾಯ

2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ; ನೋಡಿಕೊಳ್ಳುವುದು ಮಾನವಶಕ್ತಿ ಪ್ರಾಧಿಕಾರ. ಒಳ್ಳೆಯ ನಿಯಮ. ಆದರೆ ಜುಲೈಯಲ್ಲಿ 11 ಗಂಟೆಗೆ ಮೊದಲೇ 40 ದಾಟಿರುತ್ತದೆ, ಸೆಪ್ಟೆಂಬರ್ 1ಕ್ಕೆ ಬಿಸಿಲೇನೂ ತಣ್ಣಗಾಗಿರುವುದಿಲ್ಲ. ಗಡಿಯಾರ ನೋಡಿದರೆ ಸಾಲದು, ಮನುಷ್ಯರನ್ನೂ ನೋಡಬೇಕು.

ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಹೊಸಬನಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗ ಮಾತ್ರ ಬಿಸಿಲಿನಲ್ಲಿ ಕೊಟ್ಟು, ದಿನಕ್ಕಿಷ್ಟು ಅಂತ ಏರಿಸಬೇಕು. ಊರಿಗೆ ರಜೆಗೆ ಹೋಗಿ, ಉಡುಪಿ ಮಂಗಳೂರಿನ ಜುಲೈ ಮಳೆಯಲ್ಲಿ ಒಂದೆರಡು ತಿಂಗಳಿದ್ದು ವಾಪಸ್ ಬಂದ ಹತ್ತು ವರ್ಷದ ಅನುಭವಿಗೂ ಇದು ಬೇಕು. "ನಂಗೆ ಇದೆಲ್ಲಾ ಅಭ್ಯಾಸ ಇದೆ" ಅಂತ ಅವರು ಹೇಳುತ್ತಾರೆ. ಮೈಗೆ ಆ ಅಭ್ಯಾಸ ಬಿಟ್ಟುಹೋಗಿರುತ್ತದೆ.

ನೀರು ಬಾಯಾರಿದಾಗ ಕುಡಿಯುವುದಲ್ಲ. 15ರಿಂದ 20 ನಿಮಿಷಕ್ಕೊಂದು ಲೋಟ. ಬೆವರು ಸುರಿದು ತಲೆಸುತ್ತು, ವಾಕರಿಕೆ ಬಂದರೆ ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಬಾಯಿಗೆ ನೀರು ಹಾಕಬೇಡಿ. ಮೈಗೆ ತಣ್ಣೀರು ಸುರಿದು ಗಾಳಿ ಹಾಕಿ, ಕೂಡಲೇ 112ಕ್ಕೆ ಕರೆ ಮಾಡಿ. ಅಲ್ಲಿ ನಿಮಿಷಗಳ ಲೆಕ್ಕ.

6. ಗೇಟಿನ ಆಚೆಯೂ ಸೈಟು

2024ರ ಜೂನ್ 12ರ ಬೆಳಗಿನ ಜಾವ ಕುವೈತ್‌ನ ಮಂಗಾಫ್‌ನಲ್ಲಿ ಕೆಲಸಗಾರರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 50 ಜನ ಸತ್ತರು, ಅವರಲ್ಲಿ 45 ಜನ ಭಾರತೀಯರು. ಕಲಬುರಗಿ ಜಿಲ್ಲೆಯ ಒಬ್ಬರೂ ಇದ್ದರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಕಾರಣ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಎಂದು ಅಲ್ಲಿನ ಅಗ್ನಿಶಾಮಕ ದಳ ಹೇಳಿತು.

ಹಗಲಿನಲ್ಲಿ ಹಾರ್ನೆಸ್ ಹಾಕಿ ದುಡಿದವನು ರಾತ್ರಿ ಮಲಗುವ ಜಾಗವೂ ಈ ಪಾಠದೊಳಗೇ ಬರಬೇಕು. ಖೈತಾನ್‌ನಂಥ ಒತ್ತೊತ್ತಾದ ಬಡಾವಣೆಯ ಫ್ಲಾಟಿಗೂ ಅದೇ ಪ್ರಶ್ನೆಗಳು: ಒಂದೇ ಪ್ಲಗ್ಗಿಗೆ ಎಷ್ಟು ಸಿಕ್ಕಿಸಿದ್ದಾರೆ? ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್, ಸೈಕಲ್, ಹಾಸಿಗೆ ಇಟ್ಟಿದ್ದಾರಾ? ಹೊರಹೋಗುವ ಬಾಗಿಲಿಗೆ ಬೀಗ ಇದೆಯಾ? ಹೊಗೆ ಕಂಡರೆ ಕೂಗುವ ಅಲಾರಾಂ ಇದೆಯಾ?

7. ಹೇಳುವ ಬಾಯಿ ಯಾರದು?

ಕುವೈತ್‌ನ 2010ರ 6ನೇ ಕಾರ್ಮಿಕ ಕಾನೂನು, ಸುರಕ್ಷತೆಯ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುತ್ತದೆ. ರಕ್ಷಣಾ ಸಾಮಗ್ರಿಯ ಖರ್ಚನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ನಮ್ಮಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದ ಇಂಥ ರಕ್ಷಣೆ ಬಂತು. ಕಾನೂನು ಕಾಗದದಲ್ಲಿದೆ, ಆದರೆ ಸೈಟಿನಲ್ಲಿ ಬಾಯಿ ಬಿಡಬೇಕಾದವನ ಇಕಾಮಾ ಮಾಲೀಕನ ಕೈಯಲ್ಲಿದೆ, ಊರಲ್ಲಿ ಸಾಲವಿದೆ. "ಈ ಸಾರುವೆ ಹತ್ತಲ್ಲ ಸಾರ್" ಅನ್ನುವ ಧೈರ್ಯವನ್ನು ಅವನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ.

ಭಾಷೆಯೂ ಒಂದು ಗೋಡೆ. ಬೋರ್ಡು ಅರಬಿ, ಇಂಗ್ಲಿಷಿನಲ್ಲಿ. ಫೋರ್‌ಮನ್ ಮಾತು ಹಿಂದಿಯಲ್ಲೋ ಮಲಯಾಳದಲ್ಲೋ. ಕನ್ನಡ, ತುಳು, ಬ್ಯಾರಿ ಮಾತಾಡುವವನು ತಲೆ ಆಡಿಸುತ್ತಾನೆ. ತಲೆ ಆಡಿಸಿದ ಮಾತ್ರಕ್ಕೆ ಅರ್ಥವಾಯಿತು ಅನ್ನುವಂತಿಲ್ಲ. ಅವನಿಂದಲೇ ವಾಪಸ್ ಹೇಳಿಸಬೇಕು, ಕೈಯಲ್ಲಿ ಮಾಡಿ ತೋರಿಸಬೇಕು.

ನಮ್ಮಲ್ಲಿ ಅನೇಕರು ಸೈಟ್ ಎಂಜಿನಿಯರ್, ಸೇಫ್ಟಿ ಆಫೀಸರ್ ಆಗಿ ಇಂಥ ಸೈಟುಗಳಿಗೇ ಹೋಗುವವರು. ಪರ್ಮಿಟ್ ಕಾಗದದ ಮೇಲೆ ಬೀಳುವ ಸಹಿ ನಮ್ಮದಾಗಿರುತ್ತದೆ. "ಸ್ವಲ್ಪದರಲ್ಲಿ ತಪ್ಪಿತು" ಎಂದು ಯಾರಾದರೂ ಬಂದು ಹೇಳಿದಾಗ ಬೈಯದೆ ಬರೆದುಕೊಳ್ಳುವುದು, ಹೇಳಿದವನ ಹೆಸರು ಕಾಪಾಡುವುದು, ಅದೇ ದಿನ ಸರಿಪಡಿಸುವುದು ನಾವು ಮಾಡಬಹುದಾದ ಕೆಲಸ. ಒಮ್ಮೆ ಬೈದರೆ ಎರಡನೇ ಸಲ ಯಾರೂ ಬಂದು ಹೇಳುವುದಿಲ್ಲ.

ಅಭ್ಯಾಸ

ನಿಮ್ಮ ಹಾಸ್ಟೆಲಿನ ಹತ್ತಿರ ಕಟ್ಟುತ್ತಿರುವ ಯಾವುದಾದರೂ ಕಟ್ಟಡವನ್ನು ರಸ್ತೆಯಿಂದಲೇ, ಒಳಗೆ ಹೋಗದೆ, ಹತ್ತು ನಿಮಿಷ ನೋಡಿ ಉತ್ತರಿಸಿ.

1. ಬೀಳುವ, ಬಡಿಯುವ, ಸಿಕ್ಕಿಕೊಳ್ಳುವ, ಕರೆಂಟ್ ಹೊಡೆಯುವ ಅಪಾಯಗಳಲ್ಲಿ ಯಾವುವು ಕಂಡವು?
2. ಪ್ರತಿಯೊಂದಕ್ಕೂ ಈಗ ಯಾವ ಮೆಟ್ಟಿಲಿನ ತಡೆ ಇದೆ? ಅದಕ್ಕಿಂತ ಮೇಲಿನ ಮೆಟ್ಟಿಲು ಸಾಧ್ಯವೇ?
3. ನೆಲದಿಂದ 3 ಮೀಟರ್ ಎತ್ತರದಲ್ಲಿ ಹಾರ್ನೆಸ್ ಹಾಕಿದವನು ಕೊಕ್ಕೆಯನ್ನು ತಲೆಯ ಮೇಲೆ ಸಿಕ್ಕಿಸಿದರೆ ಲೆಕ್ಕ ಹೇಗೆ ಬದಲಾಗುತ್ತದೆ?
4. ಕೆಲಸಗಾರರು ಎಲ್ಲಿ ಮಲಗುತ್ತಾರೆ? ಅಲ್ಲಿಂದ ಹೊರಬರಲು ಎಷ್ಟು ದಾರಿ ಇದೆ?
5. ಗಲ್ಫ್‌ನಲ್ಲಿರುವ ನಿಮ್ಮ ಮನೆಯವರಿಗೆ ಫೋನ್ ಮಾಡಿದಾಗ "ಹುಷಾರು" ಅನ್ನುವುದರ ಜೊತೆಗೆ ಕೇಳಬೇಕಾದ ಎರಡು ಪ್ರಶ್ನೆ ಬರೆಯಿರಿ.

ಐದನೆಯದಕ್ಕೆ ಉತ್ತರ ಬರೆದು ಸುಮ್ಮನಾಗಬೇಡಿ. ಈ ವಾರವೇ ಫೋನ್ ಮಾಡಿ ಕೇಳಿ.