ಪತ್ತೇದಾರನೂ ಪಂಚನೂ

ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದಾಗ, ಹಿಕ್ಕೆಗೆ ಅಂಜಿ ಮರದ ನೆರಳನ್ನು ಬಿಟ್ಟು, ಜಗುಲಿಯಲ್ಲಿ ಕುಳಿತು ನಾನು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದುತ್ತಿದ್ದೆ. ಹೆಚ್ಚು ಶಾಲೆ ಕಲಿಯದ ಆ ಮಹನೀಯರು 500ಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು ಸಾಮಾನ್ಯ ಜನರಿಗೆ ಕನ್ನಡದ ಓದಿನ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನನ್ನು ಮರೆಯುವುದುಂಟೆ?

ಇಂತಹ ಕಥೆಗಳಲ್ಲಿ ಅಪರಾಧಿಯು ತಪ್ಪೊಪ್ಪಿಕೊಂಡರೆ ಸಾಮಾನ್ಯವಾಗಿ ಎಲ್ಲವೂ ಮುಗಿಯಿತು. ನ್ಯಾಯಾಲಯದಲ್ಲಿ ಹಾಗಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮವು ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಏಕೆ? ಹೊಡೆತಕ್ಕೆ ಅಂಜಿ ನಿರಪರಾಧಿಯೂ ‘ನಾನೇ ಮಾಡಿದೆ’ ಎಂದಾನು.

ಅವನ ಮಾತಿನ ಜಾಡಿನಲ್ಲಿ ಹೂತಿಟ್ಟ ಕತ್ತಿಯೊಂದು ದೊರೆತರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ ನ್ಯಾಯಾಲಯವು ಪರಿಗಣಿಸಬಹುದು. ಆ ಜಾಗದಲ್ಲಿ ಮಹಜರು ಬರೆಯಬೇಕು, ಪಂಚರು ಸಹಿ ಹಾಕಬೇಕು. ನಮ್ಮಂತಹ ಹಳ್ಳಿಯಲ್ಲಿ ಪಂಚನೆಂದರೆ ಹೊಲಕ್ಕೆ ಹೊರಟಿದ್ದ ರೈತನೋ, ಅಂಗಡಿಯವನೋ ಆಗಿರುತ್ತಾನೆ. ಎಷ್ಟೋ ದಿನಗಳ ಬಳಿಕ ಅವನು ಕಟಕಟೆಯಲ್ಲಿ ನಿಂತು, ಆರೋಪಿಯ ಕಣ್ಣೆದುರಿಗೇ, ತಾನು ಕಂಡದ್ದನ್ನು ಹೇಳಬೇಕು. ‘ನೆನಪಿಲ್ಲ ಸ್ವಾಮಿ’ ಎಂದರೆ ತನಿಖಾಧಿಕಾರಿಯ ಶ್ರಮವೆಲ್ಲ ನೀರುಪಾಲಾಗಬಹುದು. ಕಾಣದ್ದನ್ನು ಕಂಡೆನೆಂದರೆ ಒಬ್ಬನ ಬಾಳೇ ಹಾಳಾಗಬಹುದು. ಜಗುಲಿಯಲ್ಲಿ ಕುಳಿತು ಓದುತ್ತಿದ್ದ ಆ ದಿನಗಳಲ್ಲಿ ಈ ಪಂಚನ ನೆನಪೇ ನನಗೆ ಬಂದಿರಲಿಲ್ಲ.